ಎಡಗೈಯ ತೂಕ

ಸವದತ್ತಿ ಬಸ್ ಸ್ಟ್ಯಾಂಡಿನಲ್ಲಿ ರಾಮದುರ್ಗದ ಬಸ್ಸು ಇನ್ನೇನು ಹೊರಡಬೇಕು ಅನ್ನುವಾಗ ಚನ್ನವ್ವ ಹತ್ತಿದಳು. ಶೈಲಜಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ತಿರುಗಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು. ಮುದುಕಿ ಬರುತ್ತಾಳೆಂದು ಯಾರೂ ಹೇಳಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ರಾಜೇಶ್ವರಿಗೆ ಗೊತ್ತಿತ್ತೆಂದು ಕಾಣುತ್ತದೆ. ಅಜ್ಜಿಯನ್ನು ನೋಡಿ ಅವಳು ಬೆರಗಾಗಲಿಲ್ಲ, ಮಡಿಲಲ್ಲಿದ್ದ ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡಳು ಅಷ್ಟೇ. ಹೂಲಿಯಿಂದ ಬೆಳಿಗ್ಗೆಯೇ ಹೊರಟು ಬಂದಿದ್ದ ಮುದುಕಿಯ ಹಣೆಯ ಮೇಲೆ ವಿಭೂತಿ ಇನ್ನೂ ಕೆಟ್ಟಿರಲಿಲ್ಲ, ಬಗಲಲ್ಲಿ ಬುತ್ತಿಯ ಗಂಟು. "ಸರದ ಕುಂದರ್ರಿ ಬಾಯಾರ," ಎಂದು ಇಬ್ಬರ ನಡುವೆ ತೂರಿ, ಶೈಲಜಾಳನ್ನು ಕಿಟಕಿಗೆ ಒತ್ತಿ ಕೂತಳು. ಕಂಡಕ್ಟರು ಬಂದು, "ಆಯಿ, ಎಲ್ಲಿಗೆ?" ಎಂದ. "ಹೊಡದಾಟಕ್ಕ," ಎಂದಳು ಚನ್ನವ್ವ. ಹಿಂದೆ ಮುಂದೆ ಕೂತವರೆಲ್ಲ ನಕ್ಕರು. "ನಗ್ರಿ ನಗ್ರಿ. ನಮ್ಮ ಹುಡುಗಿ ಬಾಯಿಲೆ ಹೊಡದಾಡೂದು ಸಣ್ಣಾಕಿದ್ದಾಗಿಂದ ನೋಡೇನಿ. ಕೈಲೆ ಹೆಂಗ ಹೊಡದಾಡ್ತಾಳ ಇವತ್ತ ನೋಡಬೇಕಂತೇನಿ."

ಶೈಲಜಾ ನಗಲು ಹೋದಳು, ಆಗಲಿಲ್ಲ. ಜೂನಿನಲ್ಲಿ ಇದೇ ಮುದುಕಿ ಬೈಲಹೊಂಗಲಕ್ಕೆ ಬಂದು, ಮುಚ್ಚಿಹೋದ ಜಿನ್ನಿಂಗ್ ಫ್ಯಾಕ್ಟರಿಯ ಹಿಂದೆ ಶೈಲಜಾ ಬಾಕ್ಸಿಂಗ್ ಕಲಿಸುವ ಶೆಡ್ಡಿನಲ್ಲಿ, ಹತ್ತಿ ತುಂಬಿ ತೊಲೆಗೆ ನೇತುಹಾಕಿದ ಗೋಣಿಚೀಲಗಳನ್ನು ಹುಡುಗಿಯರು ಗುದ್ದುವುದನ್ನು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದ್ದಳು. ಕೊನೆಗೆ ಹೇಳಿದ್ದಳು: "ಆಡ್ಲಿ ಬಾಯಾರ. ಹೆಣ್ಣಮಕ್ಕಳು ಗುದ್ದಬಾರದಂತ ಎಲ್ಲೂ ಬರದಿಲ್ಲ. ಆದ್ರ ಲಿಂಗ ಮೈಬಿಟ್ಟ ಹೋಗಬಾರದು. ಹೋದ ದಿನಾ ಹುಡುಗೀನ್ನ ಹೂಲಿಗೆ ಕರಕೊಂಡ ಹೋಗಿಬಿಡ್ತೇನಿ, ಸಾಲಿನೂ ಸಾಕು." ಆಗ ಶೈಲಜಾ ಏನು ಹೇಳಿದಳು? "ಆಗಲಿ ಆಯಿ" ಎಂದಳು. ರಿಂಗಿನೊಳಗೆ ಕೊರಳಲ್ಲಿ ಒಂದು ದಾರವೂ ಇರಕೂಡದೆಂಬ ಮಾತು ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ಉಳಿಯಿತು. ಹೇಳಿದ್ದರೆ ಹುಡುಗಿ ಅಂದೇ ಹೋಗುತ್ತಿದ್ದಳು. ಅಷ್ಟು ಹೊತ್ತಿಗೆ ರಾಜಿಯ ಎಡಗೈಯನ್ನು ಅವಳು ನೋಡಿಯಾಗಿತ್ತು. ಸೊಂಟದಿಂದ ಎದ್ದು, ಭುಜದಲ್ಲಿ ಒಂದು ಗಳಿಗೆ ತಡೆದು, ಅಡ್ಡ ಬರುವ ಆ ಗುದ್ದು ಚೀಲದ ಮೇಲೆ ಬಿದ್ದಾಗ ಏಳುವ ಸದ್ದು ಅವಳಿಗೆ ಪರಿಚಯದ್ದಾಗಿತ್ತು. ಆ ಸದ್ದನ್ನು ಬಿಟ್ಟುಕೊಡಲು ಅವಳು ತಯಾರಿರಲಿಲ್ಲ. ಅದಕ್ಕಾಗಿ ಒಬ್ಬ ಮುದುಕಿಯನ್ನು ಮೋಸ ಮಾಡಬೇಕಾದರೆ ಮಾಡುತ್ತೇನೆ ಎಂದು ಆ ಹೊತ್ತು ಅನ್ನಿಸಿತ್ತು. ಈಗ ಮುದುಕಿಯ ಮೊಣಕೈ ತನ್ನ ಪಕ್ಕೆಗೆ ತಾಗುವಾಗ, ಹಾಗೆ ಅನ್ನಿಸಿದ್ದು ತನಗೋ ಬೇರೆ ಯಾರಿಗೋ ಎಂಬಂತಿತ್ತು.

ನಿನ್ನೆ ಮಾತ್ರ ರಾಜಿಗೆ ಹೇಳಿದ್ದಳು, ಹಾಸ್ಟೆಲ್ಲಿನ ಗೇಟಿನ ಹತ್ತಿರ, ಗಡಿಬಿಡಿಯಲ್ಲಿ, ಮರೆತು ನೆನಪಾದವಳ ಹಾಗೆ: "ನಾಳೆ ಕೊರಳಾಗ ಏನೂ ಇರಬಾರದು ನೋಡು." ಹುಡುಗಿ "ಹೂಂರಿ ಅಕ್ಕಾರ" ಎಂದಿದ್ದಳು. ಮತ್ತೇನೂ ಕೇಳಲಿಲ್ಲ. ಕೇಳಬೇಕಿತ್ತು. ಹತ್ತನೆಯ ಇಯತ್ತೆಯ ಹುಡುಗಿ, ಎಲ್ಲದಕ್ಕೂ ಯಾಕ್ರಿ ಅನ್ನುವವಳು, ಇದನ್ನು ಯಾಕೆ ಕೇಳಲಿಲ್ಲ?

ಬಸ್ಸು ಸಿರಸಂಗಿಯ ಕ್ರಾಸು ದಾಟಿತು. ಜೋಳದ ಹೊಲಗಳು ತಿರುಗುತ್ತ ಹಿಂದೆ ಹೋದವು. ಚನ್ನವ್ವ ಸೀರೆಯ ಮೇಲಿನಿಂದಲೇ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಒಮ್ಮೆ ಮುಟ್ಟಿಕೊಂಡಳು, ನಿದ್ದೆಗೆ ಜಾರುವ ಮುನ್ನ ಬಾಗಿಲ ಚಿಲಕ ನೋಡಿಕೊಳ್ಳುವ ಹಾಗೆ. ಶೈಲಜಾಳ ಕೈಯೂ ತನ್ನ ಎದೆಯ ಕಡೆ ಹೋಗಿ ಅರ್ಧಕ್ಕೆ ನಿಂತಿತು. ಅವಳ ಕೊರಳಲ್ಲೂ ಶಿವದಾರವಿತ್ತು, ದಾರದಲ್ಲಿ ಬೆಳ್ಳಿಯ ಕರಡಿಗೆಯಿತ್ತು, ಸ್ನಾನ ಮಾಡಿ ಬರುವಾಗ ಅತ್ತೆಗೆ ಕಾಣುತ್ತಿತ್ತು, ಮದುವೆ ಮುಂಜಿಗಳಲ್ಲಿ ಊರಿಗೆ ಕಾಣುತ್ತಿತ್ತು. ಒಳಗೆ ಏನೂ ಇರಲಿಲ್ಲ. ಏಳು ವರ್ಷದಿಂದ ಇರಲಿಲ್ಲ.

ಏಳು ವರ್ಷದ ಹಿಂದೆ ಅವಳೇ ಆಡಲು ಹೋಗಿದ್ದ ಹುಬ್ಬಳ್ಳಿಯಲ್ಲಿ ಅಂದು ಸೆಕೆ. ಬಾಗಿಲು ಮುಚ್ಚಿದ ಹಾಲಿನಲ್ಲಿ ಕಿತ್ತಳೆಯ ಸಿಪ್ಪೆಯ ವಾಸನೆ. ಹೆಣ್ಣುಮಕ್ಕಳ ಬಾಕ್ಸಿಂಗು ಎಂದರೆ ಆಗ ಜನ ಟಿಕೆಟ್ಟಿಲ್ಲದ ಸರ್ಕಸ್ಸು ನೋಡಲು ಬಂದ ಹಾಗೆ ಬರುತ್ತಿದ್ದರು. ಅವಳ ಅವ್ವ ಹೇಳಿ ಕಳಿಸಿದ್ದು ಒಂದೇ ಮಾತು, ಇದೇ ಚನ್ನವ್ವನ ಮಾತು, ಪ್ರತಿ ಮನೆಯಲ್ಲೂ ಯಾರೋ ಒಬ್ಬಳು ಹೇಳಿಯೇ ಹೇಳುವ ಮಾತು. ಕೊರಳಲ್ಲಿ ಇರಕೂಡದು, ನಡುವಿಗೆ ಕಟ್ಟಲಾಗದು, ಹೊಕ್ಕುಳದ ಕೆಳಗೆ ಸಲ್ಲದು. ಉಳಿದದ್ದು ಅಂಗೈ. ದಿನವೂ ಪೂಜೆಗೆ ಲಿಂಗ ಕೂರುವುದು ಎಡ ಅಂಗೈಯಲ್ಲಿಯೇ ತಾನೆ? ಇಷ್ಟು ಸರಳವಾದದ್ದು ತನಗೆ ಹೊಳೆದದ್ದಕ್ಕೆ ಅವಳು ಕಕ್ಕಸಿನ ಬಾಗಿಲು ಹಾಕಿಕೊಂಡು ಒಬ್ಬಳೇ ಸಂತೋಷಪಟ್ಟಿದ್ದಳು. ಲಿಂಗವನ್ನು ಅಂಗೈಯಲ್ಲಿಟ್ಟು, ಅದರ ಮೇಲೆ ಕೈಪಟ್ಟಿ ಸುತ್ತಿ, ಗ್ಲೌಸು ಹಾಕಿಕೊಂಡಳು. ಮೋಸ ಎಂಬ ಶಬ್ದ ಆ ಹೊತ್ತಿನಲ್ಲಿ ಎಲ್ಲಿಯೂ ಇರಲಿಲ್ಲ. ಕೈಯಲ್ಲಿ ದೇವರಿತ್ತು, ಅಷ್ಟೇ. ಕೊನೆಯ ಸುತ್ತಿನಲ್ಲಿ ಅವಳ ಎಡಗೈ ರಾಮದುರ್ಗದ ರಂಜನಾಳ ಕಪಾಳಕ್ಕೆ ಬಿತ್ತು. ರಂಜನಾ ಕೂತುಬಿಟ್ಟಳು. ಅಂಥ ಗುದ್ದು ಶೈಲಜಾ ಅದಕ್ಕೆ ಮೊದಲು ಗುದ್ದಿರಲಿಲ್ಲ, ಆಮೇಲೂ ಗುದ್ದಲಿಲ್ಲ. ರೆಫರಿ ಅವಳ ಕೈ ಎತ್ತಿ ಹಿಡಿದ. ಆಮೇಲೆ ಪಟ್ಟಿ ಬಿಚ್ಚುವಾಗ ಲಿಂಗ ಜಾರಿ ಮೇಜಿನ ಮೇಲೆ ಬಿತ್ತು. ಮೇಜಿನ ಹಿಂದೆ ಕೂತು ಆಟ ನಡೆಸುತ್ತಿದ್ದ ಮಲಕಾಜಪ್ಪ ಮಾಸ್ತರ ಅದನ್ನು ಬೆರಳಿಂದ ಮುಟ್ಟಲಿಲ್ಲ. ಕತ್ತರಿಯ ತುದಿಯಿಂದ ಸರಿಸಿ, ಸಿಪ್ಪೆಗಳಿದ್ದ ತಟ್ಟೆಗೆ ಹಾಕಿದ. ಎದ್ದು ನಿಂತು ಮೈಕು ಹಿಡಿದು ಹೇಳಿದ: "ಈ ಹುಡುಗಿ ಕೈಯಾಗ ಕಲ್ಲ ಇಟ್ಕೊಂಡ ಹೊಡದಾಳ."

ಕಲ್ಲು. ಅವನ ಬಿಳಿ ಅಂಗಿಯ ಕೆಳಗೆ ಕರಡಿಗೆಯ ಉಬ್ಬು ಅವಳಿಗೆ ಕಾಣುತ್ತಿತ್ತು. ಅದು ಏನೆಂದು ಆ ಹಾಲಿನಲ್ಲಿ ಚೆನ್ನಾಗಿ ಗೊತ್ತಿದ್ದವನು ಅವನೇ. ಗೊತ್ತಿದ್ದೇ ಮುಟ್ಟಲಿಲ್ಲ, ಗೊತ್ತಿದ್ದೇ ಕಲ್ಲು ಅಂದ. ಆಟ ತಪ್ಪು, ಗೆಲುವಿಲ್ಲ ಅಂದಿದ್ದರೆ ಅವಳು ತಲೆ ಬಾಗಿಸಿ ಒಪ್ಪಿಕೊಳ್ಳುತ್ತಿದ್ದಳು. ತಪ್ಪು ತಪ್ಪೇ. ಆದರೆ ಕಲ್ಲು ಅಂದದ್ದು ಅವಳೊಂದಿಗೆ ಬಸ್ಸು ಹತ್ತಿ ಬೈಲಹೊಂಗಲಕ್ಕೆ ಬಂತು. ಮನೆಯಲ್ಲಿ ಅಯ್ಯನವರನ್ನು ಕರೆಸಿ ಹೊಸ ಲಿಂಗ ಕಟ್ಟಿಸಿದರು. ಮರುದಿನ ಬೆಳಿಗ್ಗೆ ಅದನ್ನು ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿದರೆ ಕಿತ್ತಳೆಯ ಸಿಪ್ಪೆಯ ವಾಸನೆ ಬಂತು. ಅದನ್ನು ದೇವರ ಗೂಡಿನಲ್ಲಿಟ್ಟು, ಬರೇ ಕರಡಿಗೆ ಕೊರಳಿಗೆ ಹಾಕಿಕೊಂಡಳು. ಮದುವೆಯಾದ ಮೇಲೆ ಗಂಡ ಗೌರೀಶ ಒಂದು ಸಲ ಊಟಕ್ಕೆ ಕೂತಾಗ, ಒಳ್ಳೆಯವನೇ ಅವನು, ನಗುತ್ತಲೇ ಕೇಳಿದ್ದ: "ಖರೇನ ಹೇಳು, ಗುದ್ದು ನಿಂದೋ ಕಲ್ಲಿಂದೋ?" ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಆದರೆ ಅದೇ ಪ್ರಶ್ನೆ. ಅವಳಿಗೂ ಗೊತ್ತಿರಲಿಲ್ಲ. ಶೆಡ್ಡಿನಲ್ಲಿ ಹುಡುಗಿಯರು ಹೋದ ಮೇಲೆ ಬರೇ ಕೈಯಿಂದ ಹತ್ತಿಯ ಚೀಲಕ್ಕೆ ಗುದ್ದಿ ಗುದ್ದಿ ಅವಳು ಆ ದಿನದ ಸದ್ದನ್ನು ಹುಡುಕಿದ್ದಳು. ಬರಲಿಲ್ಲ. ಒಮ್ಮೆ ರಾಮದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಕಂಕುಳಲ್ಲಿ ಕೂಸು ಇಟ್ಟುಕೊಂಡ ರಂಜನಾ ಎದುರಾದಳು. ಗುರುತು ಹಿಡಿದು ನಕ್ಕಳು. ನಗುವ ಮೊದಲು ಅವಳ ಕಣ್ಣು ಶೈಲಜಾಳ ಎಡಗೈಗೆ ಹೋಗಿ ಬಂತು.

ರಾಮದುರ್ಗದ ಶಾಲೆಯ ಮೈದಾನದಲ್ಲಿ ಮದುವೆ ಪೆಂಡಾಲಿನವರೇ ರಿಂಗು ಕಟ್ಟಿದ್ದರು. ಕಂಬಗಳಿಗೆ ಸುತ್ತಿದ ಜರಿಯ ಬಟ್ಟೆಯನ್ನೂ ಬಿಚ್ಚಿರಲಿಲ್ಲ. ಮೇಜಿನ ಹಿಂದೆ ಕೂತವನನ್ನು ನೋಡಿ ಶೈಲಜಾಳ ಹೆಜ್ಜೆ ತಡೆಯಿತು. ಮಲಕಾಜಪ್ಪ ಮಾಸ್ತರ. ಕೂದಲಿಗೆ ಕಪ್ಪು ಹಚ್ಚಿದ್ದ, ಹೊಟ್ಟೆ ಬಂದಿತ್ತು, ದನಿ ಮಾತ್ರ ಅದೇ. "ಓಹೋ, ಬೈಲಹೊಂಗಲ ಬಂತು! ಏನ್ ಮೇಡಮ್ಮಾರ, ಕೈ ಝಾಡಿಸಿಕೊಂಡ ಬಂದೀರಿಲ್ಲೋ?" ಸುತ್ತ ಕೂತ ಮಾಸ್ತರುಗಳು ನಕ್ಕರು. ಕೆಲವರಿಗೆ ಗೊತ್ತಿತ್ತು, ಉಳಿದವರು ಗೊತ್ತಿದ್ದವರನ್ನು ನೋಡಿ ನಕ್ಕರು. ಉತ್ತರ ಕೊಡಬೇಕಿತ್ತು. ರಾತ್ರಿ ಮಲಗಿದಾಗ ಎಷ್ಟೊಂದು ಉತ್ತರಗಳು ಬರುತ್ತವೆ! ಅವಳು ಹುಡುಗಿಯ ಹೆಸರು ಬರೆಸಿ, ಸಹಿ ಹಾಕಿ, ಕಿವಿ ಬಿಸಿಯಾದದ್ದು ಕಾಣದಂತೆ ಸೆರಗು ಸರಿಪಡಿಸಿಕೊಂಡು ಹೊರಟಳು. ಸೆರಗು ಸರಿಪಡಿಸಿಕೊಂಡದ್ದಕ್ಕೆ ಇಡೀ ಮೈದಾನ ದಾಟುವ ತನಕ ತನ್ನನ್ನು ತಾನೇ ಬೈದುಕೊಂಡಳು.

ಹುಡುಗಿಯರಿಗೆಂದು ಕೊಟ್ಟಿದ್ದ ವರ್ಗದ ಕೋಣೆಯಲ್ಲಿ ರಾಜಿ ಬೆಂಚಿನ ಮೇಲೆ ಕೂತು ಬಲಗೈ ಚಾಚಿದಳು. ಕೈಪಟ್ಟಿ ಸುತ್ತುವುದು ಶೈಲಜಾಳಿಗೆ ಇಷ್ಟದ ಕೆಲಸ. ಹೆಬ್ಬೆರಳಿಗೆ ಕುಣಿಕೆ, ಮಣಿಕಟ್ಟಿಗೆ ಸುತ್ತು, ಬೆರಳ ಸಂದಿಗಳಲ್ಲಿ ಹಾಯಿಸಿ ಮತ್ತೆ ಮಣಿಕಟ್ಟು. ಹುಡುಗಿಯರ ಕೈ ಅವಳಿಗೆ ಮುಖಕ್ಕಿಂತ ಚೆನ್ನಾಗಿ ಗೊತ್ತು. ಯಾರದು ಬೆವರುತ್ತದೆ, ಯಾರದು ಹೆದರಿದಾಗ ತಣ್ಣಗಾಗುತ್ತದೆ. ಎಡಗೈ ಕೇಳಿದಳು. ರಾಜಿ ಕೊಡಲಿಲ್ಲ. "ಅದನ್ನ ನಾನ ಸುತ್ತಿಕೊಂಡೇನ್ರಿ ಅಕ್ಕಾರ." ಎಲ್ಲಿ, ನೋಡೋಣ ಎಂದು ಹಿಡಿದಾಗ ಪಟ್ಟಿಯ ಪದರುಗಳ ಕೆಳಗೆ, ಅಂಗೈಯ ಗುಂಡಿಯಲ್ಲಿ, ದುಂಡಗೆ ಗಟ್ಟಿಯಾಗಿ ಅದು ತಾಗಿತು. ಶೈಲಜಾಳ ಬೆರಳುಗಳಿಗೆ ಅವಳಿಗಿಂತ ಮೊದಲು ಗೊತ್ತಾಯಿತು.

"ಏನಿದು?"

"ನಿಮಗ ಗೊತ್ತೈತ್ರಿ."

"ತಗಿ."

"ತಗದ್ರ ಆಯಿ ಇಲ್ಲಿಂದನ ಹೂಲಿಗೆ ಕರಕೊಂಡ ಹೋಗ್ತಾಳ್ರಿ." ಹುಡುಗಿ ತಲೆ ಎತ್ತಿದಳು. ಕಣ್ಣಲ್ಲಿ ತಪ್ಪು ಮಾಡಿದ ಭಾವವಿರಲಿಲ್ಲ. "ನೀವೂ ಹಿಂಗ ಮಾಡಿದ್ರಂತಲ್ರಿ. ಹಾಸ್ಟೆಲ್ಲಿನಾಗ ಎಲ್ಲಾರಿಗೂ ಗೊತ್ತೈತಿ. ಗೆದ್ದಿದ್ರಂತ."

ಗೆದ್ದಿದ್ರಂತ. ಏಳು ವರ್ಷದಲ್ಲಿ ಆ ಶಬ್ದವನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಶೈಲಜಾ ಬೆಂಚಿನ ಮೇಲೆ ಕೂತಳು. ಹುಡುಗಿಯ ಕೈ ಇನ್ನೂ ಅವಳ ಕೈಯಲ್ಲೇ ಇತ್ತು. ಇಲ್ಲಿ ಯಾರು ನೋಡುತ್ತಾರೆ? ತಾಲೂಕುಗಳ ಆಟ, ಗ್ಲೌಸು ಹಾಕಿಕೊಂಡು ಬಂದರೆ ಮುಗಿಯಿತು, ಪಟ್ಟಿ ಮುಟ್ಟಿ ನೋಡುವಷ್ಟು ವ್ಯವಧಾನ ಯಾರಿಗಿದೆ. ಮುದುಕಿಯ ಮಾತು ಉಳಿಯುತ್ತದೆ, ಹುಡುಗಿ ಉಳಿಯುತ್ತಾಳೆ, ಜೂನಿನ ತನ್ನ ಸುಳ್ಳೂ ಸುಳ್ಳಾಗದೆ ಉಳಿಯುತ್ತದೆ. ಮಲಕಾಜಪ್ಪನ ಕಣ್ಣೆದುರಿಗೇ. ಆ ಯೋಚನೆಯಲ್ಲಿ ಎಂಥ ಸುಖವಿತ್ತೆಂದರೆ ಅವಳಿಗೆ ತನ್ನ ಬಗ್ಗೆಯೇ ಹೆದರಿಕೆಯಾಯಿತು. ತೆರೆದ ಬಾಗಿಲಿನಿಂದ ವರಾಂಡದಲ್ಲಿ ನಿಂತ ಕಿತ್ತೂರಿನ ಹುಡುಗಿ ಕಂಡಳು, ಇವತ್ತಿನ ಎದುರಾಳಿ. ಸಣಕಲು ಮುಖ, ತುಟಿ ಕಚ್ಚಿಕೊಂಡು ಎದುರಿಗಿನ ಗೋಡೆಯ ಕಡೆ ಗಾಳಿಯಲ್ಲಿ ಗುದ್ದುತ್ತಿದ್ದಳು. ಅವಳ ಕಪಾಳದ ಎಲುಬು ಇಲ್ಲಿಂದಲೇ ಕಾಣುತ್ತಿತ್ತು. ಆದರೆ ಶೈಲಜಾಳನ್ನು ಎಬ್ಬಿಸಿದ್ದು ಆ ಎಲುಬಲ್ಲ. ಅಷ್ಟು ಒಳ್ಳೆಯವಳಲ್ಲ ತಾನು ಎಂದು ಅವಳಿಗೆ ಗೊತ್ತಿತ್ತು. ರಾಜಿ ಇವತ್ತು ಹೀಗೆಯೇ ಗೆದ್ದು, ಆಮೇಲೆ ಯಾವುದೋ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ, ಗುದ್ದು ನನ್ನದೋ ಅದರದ್ದೋ ಎಂದು ಯೋಚಿಸುತ್ತ ಕೂರುವುದು ಕಣ್ಣಿಗೆ ಕಟ್ಟಿತು. ಅದನ್ನು ಮಾತ್ರ ಇನ್ನೊಬ್ಬಳಿಗೆ ದಾಟಿಸಲಾರೆ.

"ಹೊಡದಾಕಿ ಯಾರು ಅಂತ ನಿನಗರ ಗೊತ್ತಾಗಬೇಕು," ಎಂದು ಪಟ್ಟಿ ಬಿಚ್ಚತೊಡಗಿದಳು. ರಾಜಿ ಕೈ ಎಳೆದುಕೊಳ್ಳಲು ನೋಡಿದಳು, ಆಮೇಲೆ ಅಳು ನುಂಗಿಕೊಂಡು ಬಿಟ್ಟುಕೊಟ್ಟಳು. ಕಪ್ಪಗೆ ಹೊಳೆಯುವ ಲಿಂಗ ಹುಡುಗಿಯ ಬೆವರಿನಿಂದ ಬೆಚ್ಚಗಿತ್ತು. ಶೈಲಜಾ ಅದನ್ನು ತನ್ನ ಎಡ ಅಂಗೈಯಲ್ಲಿ ತಗೊಂಡಳು. ಏಳು ವರ್ಷದ ಮೇಲೆ ಆ ಅಂಗೈಯಲ್ಲಿ ಏನೋ ಕೂತಿತು.

ಚನ್ನವ್ವ ಪೆಂಡಾಲಿನ ಕೆಳಗೆ ಮೊದಲ ಸಾಲಿನಲ್ಲಿ, ಗಂಡಸರ ನಡುವೆ ಕುರ್ಚಿ ಹಿಡಿದು ಕೂತಿದ್ದಳು. ಶೈಲಜಾ ಎದುರಿಗೆ ನಿಂತು ಅಂಗೈ ಬಿಚ್ಚಿದಳು. "ರಿಂಗಿನಾಗ ಇದು ಇರಬಾರದು ಆಯಿ. ಜೂನದಾಗನ ನಿಮಗ ಹೇಳಬೇಕಿತ್ತು, ಹೇಳಲಿಲ್ಲ. ಹೇಳಿದ್ರ ಆಕೀನ್ನ ಕರಕೊಂಡ ಹೋಗ್ತಿದ್ರಿ."

ಮುದುಕಿ ಅಂಗೈಯನ್ನೂ ಮುಖವನ್ನೂ ನೋಡಿದಳು. "ಈಗೂ ಕರಕೊಂಡ ಹೋಗಬಹುದಲ್ಲ."

"ಆಡಿದ ಮ್ಯಾಲ ಕರಕೊಂಡ ಹೋಗ್ರಿ. ಅಲ್ಲೀತನಾ ಬಿಡೂದಿಲ್ಲ ನಾ."

ತನ್ನ ದನಿ ಇಷ್ಟು ಜೋರಾಗಿ ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಪಕ್ಕದ ಗಂಡಸರು ತಿರುಗಿದರು. ಚನ್ನವ್ವ ಕೈ ಚಾಚಲಿಲ್ಲ. "ನಾ ಯಾಕ ಹಿಡೀಲಿ? ತಗದಾಕಿ ನೀ. ಆಕೀ ಕರಡಿಗಿ ಎಲ್ಲಿ?"

"ಹಾಸ್ಟೆಲ್ಲಿನಾಗ ಬಿಟ್ಟ ಬಂದಾಳ."

"ಹಂಗಾರ ನಿನ್ನ ಕರಡಿಗ್ಯಾಗ ಇಡು, ನಿಂದರ ಜೋಡಿ. ತಾಸಿನ ಮಾತು."

ಶೈಲಜಾ, ಯಾಕೆಂದು ಅವಳಿಗೇ ತಿಳಿಯಲಿಲ್ಲ, ಒಂದು ನೆಪ ಹೇಳಬಹುದಿತ್ತು, ಬಲಗೈಯಿಂದ ಕರಡಿಗೆಯನ್ನು ಸೆರಗಿನ ಹೊರಗೆ ತೆಗೆದು ಹೆಬ್ಬೆರಳಿನಿಂದ ಮುಚ್ಚಳ ಎತ್ತಿದಳು. ಒಳಗಿನ ಬೆಳ್ಳಿ ಹೊಸದರಂತೆ ಬೆಳ್ಳಗಿತ್ತು. ಮುದುಕಿ ಬಗ್ಗಿ ನೋಡಿದಳು.

"ಬರೇ ಡಬ್ಬಿ ಹೊತಗೊಂಡ ತಿರಗತಿ?"

"ಹೌದ್ರಿ."

"ಎಷ್ಟ ದಿವಸಾತು?"

"ಆ ಮನಶಾ ನನ್ನ ಲಿಂಗಾ ಕಲ್ಲು ಅಂದಾಗಿಂದ." ಅವಳು ಮೇಜಿನ ಕಡೆ ಬೆರಳು ತೋರಿಸಲಿಲ್ಲ, ನೋಡಿದಳು ಅಷ್ಟೇ.

ಚನ್ನವ್ವ ಆ ಕಡೆ ಬಹಳ ಹೊತ್ತು ನೋಡಿದಳು. ಬೈಗುಳ ಬರುತ್ತದೆಂದು ಶೈಲಜಾ ಕಾದಳು, ಬಂದರೆ ತಗೊಳ್ಳಲು ಮೈ ಗಟ್ಟಿ ಮಾಡಿಕೊಂಡಳು. "ಡಬ್ಬ್ಯಾಗ ಇಡಬ್ಯಾಡ," ಎಂದಳು ಮುದುಕಿ. "ಅಂಗೈಮ್ಯಾಲ ಹಿಡಿ. ನೆಲಾ ಮುಟ್ಟಸಬ್ಯಾಡ. ಆಡೂದು ಮುಗೀತನಾ ಹಿಂಗ ಹಿಡಕೊಂಡಿರು. ಕರಕೊಂಡ ಹೋಗೂದು ಆಮ್ಯಾಲ ನೋಡೂಣು."

ಎಡಗೈಗೆ ಬರೇ ಪಟ್ಟಿಯನ್ನು ರಾಜಿ ತಾನೇ ಮತ್ತೆ ಸುತ್ತಿಕೊಂಡಳು. ಹೀಗೆ ಶೈಲಜಾ ಒಂದೇ ಕೈಯಿಂದ ಅವಳ ಮೂಲೆಯಲ್ಲಿ ನಿಂತಳು. ಕಿತ್ತೂರಿನ ಹುಡುಗಿ ಸಣಕಲಾದರೂ ಚುರುಕು, ದೂರದಿಂದ ಬಂದು ಮುಖಕ್ಕೆ ಹೊಡೆದು ಓಡುವವಳು. ರಾಜಿಯ ಎಡಗೈ ಭುಜಕ್ಕೆ ಅಂಟಿಕೊಂಡುಬಿಟ್ಟಿತ್ತು. ಬರಿದಾದ ಕೈಯನ್ನು ಅವಳು ನಂಬುತ್ತಿರಲಿಲ್ಲ. ಆ ಅಪನಂಬಿಕೆ ಶೈಲಜಾಳಿಗೆ ತನ್ನ ಮೈಯಲ್ಲೇ ಇದ್ದಷ್ಟು ಗುರುತಾಯಿತು. ಸುತ್ತು ಮುಗಿದು ಹುಡುಗಿ ಸ್ಟೂಲಿನ ಮೇಲೆ ಕೂತಾಗ ಅವಳು ನೀರಿನ ಬಾಟಲಿಯ ಮುಚ್ಚಳವನ್ನು ಹಲ್ಲಿನಿಂದ ಕಿತ್ತಳು, ಟವೆಲನ್ನು ಹೆಗಲಿಗೆ ಹಾಕಿಕೊಂಡು ಬಲಗೈಯಿಂದಲೇ ಮುಖ ಒರೆಸಿದಳು. ಎಡಗೈ ಎದೆಯ ಮುಂದೆ, ಅಂಗೈ ಮೇಲಾಗಿ. ಜನ ನೋಡುತ್ತಿದ್ದರು. ಯಾರೋ, "ಅಕ್ಕಾರ ಏನರ ಬೇಡಾಕ ನಿಂತಾರೇನ್ಲೆ?" ಎಂದರು. ನಗು ಎದ್ದಿತು. ನಗಲಿ. ಮೊದಲಿಗೆ ಅದು ಹಗುರವಾಗಿತ್ತು, ಇಲ್ಲವೆನ್ನುವಷ್ಟು. ಹೊತ್ತು ಹೋದಂತೆ ತೋಳು ಸೆಳೆಯತೊಡಗಿತು. ತೂಕ ಅದರದ್ದೋ ಹಿಡಿದ ಕೈಯದ್ದೋ ಹೇಳಲಾಗುತ್ತಿರಲಿಲ್ಲ.

"ಅಕ್ಕಾರ, ಕೈ ಏಳವಲ್ದ್ರಿ," ಎಂದಳು ರಾಜಿ, ಬಾಯಿಯಿಂದ ಹಲ್ಲಿನ ಕಾಪು ತೆಗೆದು.

"ಏಳತೈತಿ. ಅದು ನಿನ್ನ ಕೈ. ಶೆಡ್ಡಿನಾಗ ಯಾರ ಎತ್ತತಿದ್ರು, ನಾನೇನು?"

ಕೊನೆಯ ಸುತ್ತು. ಕಿತ್ತೂರಿನ ಹುಡುಗಿ ಮತ್ತೆ ಒಳಗೆ ಬಂದಳು, ಮತ್ತೆ ಹೊಡೆದಳು, ಓಡುವ ಮೊದಲು ಅರ್ಧ ಗಳಿಗೆ ನಿಂತಳು. ರಾಜಿಯ ಸೊಂಟ ತಿರುಗಿತು. ಎಡಗೈ ಭುಜದಲ್ಲಿ ತಡೆದು, ಅಡ್ಡ ಬಂದು, ಬಿತ್ತು. ಹತ್ತಿಯ ಚೀಲಕ್ಕಾಗಲಿ ಹುಬ್ಬಳ್ಳಿಯ ಹಾಲಿಗಾಗಲಿ ಸೇರದ ಆ ಸದ್ದು ಈಗ ಇಲ್ಲಿ, ಜರಿಯ ಬಟ್ಟೆಯ ಪೆಂಡಾಲಿನ ಕೆಳಗೆ, ಎಲ್ಲರ ಎದುರಿಗೆ ಎದ್ದಿತು. ಶೈಲಜಾ ಕಣ್ಣು ಮುಚ್ಚಿದಳು. ಕಣ್ಣು ಬಿಟ್ಟಾಗ ಕಿತ್ತೂರಿನ ಹುಡುಗಿ ಕೂತಿದ್ದಳು, ಬೆರಗಾದವಳ ಹಾಗೆ. ರೆಫರಿ ಎಣಿಸಲು ಶುರು ಮಾಡಿದ. ಹುಡುಗಿ ಎದ್ದು ನಿಂತಳು, ತಲೆ ಕೊಡವಿದಳು, ಸರಿಯಾಗಿಯೇ ಇದ್ದಳು. ಅಷ್ಟರಲ್ಲಿ ಜನರ ನಡುವಿನಿಂದ ಯಾರೋ ಕೂಗಿದರು: "ಕೈಯಾಗ ಕಲ್ಲೈತಿ! ಬೈಲಹೊಂಗಲದಾಕಿ, ಕೈ ನೋಡ್ರಿ!"

ಮಲಕಾಜಪ್ಪ ಎದ್ದು ಬಂದ. ಆಟ ನಿಲ್ಲಿಸಿ, ರಿಂಗಿನ ಹಗ್ಗಕ್ಕೆ ಒರಗಿ, "ಬಿಚ್ಚಸ್ರಿ ಮೇಡಮ್ಮಾರ. ನಿಮ್ಮ ಮ್ಯಾಲ ನನಗೇನ ಸಂಶೇ ಇಲ್ಲ, ಜನಾ ಅಂತಾರ," ಎಂದ.

ಶೈಲಜಾ ರಾಜಿಯ ಎಡಗೈಯ ಗ್ಲೌಸಿನ ದಾರವನ್ನು ಹಲ್ಲಿನಿಂದ ಎಳೆದು ಬಿಚ್ಚಿದಳು. ಆಮೇಲೆ ಪಟ್ಟಿ. ಒಂದೇ ಕೈಯಿಂದ ಬಿಚ್ಚುವಾಗ ಅದು ಬಿಚ್ಚುತ್ತಲೇ ಹೋಯಿತು, ಮುಗಿಯದ ಹಾಗೆ, ಸುತ್ತು ಸುತ್ತಾಗಿ ರಿಂಗಿನ ನೆಲಕ್ಕೆ ಬಿತ್ತು. ಅವಸರ ಮಾಡಲಿಲ್ಲ. ಕೊನೆಯ ಸುತ್ತು ಬಿದ್ದ ಮೇಲೆ ರಾಜಿಯ ಅಂಗೈಯನ್ನು ಬೆಳಕಿಗೆ ತಿರುಗಿಸಿ ಹಿಡಿದಳು. ಬೆವರು, ಕೆಂಪಾದ ಚರ್ಮ, ಉಗುರು ಊರಿದ ಗೆರೆಗಳು. ಮಲಕಾಜಪ್ಪನ ಕಣ್ಣು ಆ ಅಂಗೈಯಿಂದ ಶೈಲಜಾಳ ಎಡಗೈಗೆ ಬಂತು. "ಮತ್ತ ನಿಮ್ಮ ಕೈಯಾಗೇನೈತಿ?"

ಅವಳು ಹಗ್ಗದ ಮೇಲಿನಿಂದ ಕೈ ಚಾಚಿದಳು. "ಕಲ್ಲು," ಎಂದಳು. "ನೀವು ಹುಬ್ಬಳ್ಳ್ಯಾಗ ಸಿಪ್ಪಿ ತಾಟಿನಾಗ ಹಾಕಿದ್ರಲ್ಲ, ಅಂಥಾದ್ದ. ಆವತ್ತ ಮುಟ್ಟಲಿಲ್ಲ. ಇವತ್ತ ಹಿಡದ ನೋಡ್ರಿ ಮಾಸ್ತರ, ಎಷ್ಟ ತೂಕ ಐತಿ ಹೇಳ್ರಿ ಇವರಿಗೆಲ್ಲಾ."

ಮಲಕಾಜಪ್ಪನ ಕೈ ಮುಂದೆ ಬರಲಿಲ್ಲ. ಅದು ತಾನಾಗಿಯೇ ಅವನ ಅಂಗಿಯ ಮೇಲೆ, ಎದೆಯ ಉಬ್ಬಿನ ಮೇಲೆ ಹೋಗಿ ನಿಂತಿತು. ಅವನು ಸುತ್ತ ನೋಡಿದ. ಯಾರೂ ನಗುತ್ತಿರಲಿಲ್ಲ. "ಸಾಕ್ ಸಾಕು, ಮುಂದ ಆಡಸ್ರಿ," ಎಂದು ಗೊಣಗಿದ.

ಆಡಿಸಬೇಕಾದರೆ ಕೈಪಟ್ಟಿ ಮತ್ತೆ ಸುತ್ತಬೇಕು. ಶೈಲಜಾ ಬಗ್ಗಿ ನೆಲದ ಮೇಲಿನ ಪಟ್ಟಿಯನ್ನು ಬಲಗೈಯಿಂದ ಎತ್ತಿಕೊಂಡಳು. ಕುಣಿಕೆಯನ್ನು ರಾಜಿಯ ಹೆಬ್ಬೆರಳಿಗೆ ಹಾಕಿದಳು, ಅದು ಜಾರಿತು. ಮತ್ತೆ ಹಾಕಿದಳು. ಒಂದು ಕೈಯಿಂದ ಬಿಚ್ಚಬಹುದು, ಸುತ್ತಲಾಗದು. ರಾಜಿಯ ಬಲಗೈ ಗ್ಲೌಸಿನೊಳಗಿತ್ತು. ಮೇಜಿನ ಕಡೆಯಿಂದ ಟೈಮಾತು ಎಂದು ಯಾರೋ ಸೀಟಿ ಊದಿದರು. ಆಗ ಅವಳ ಮೊಣಕೈಯ ಹತ್ತಿರ, ಹಗ್ಗದ ಆಚೆ, ಬಳೆಗಳ ಸದ್ದಾಯಿತು. ಚನ್ನವ್ವ ಗಂಡಸರನ್ನು ಸರಿಸಿಕೊಂಡು ರಿಂಗಿನ ಅಂಚಿಗೆ ಬಂದು ನಿಂತಿದ್ದಳು.

"ಒಂದ ಕೈಲೆ ಹೆಂಗ ಕಟ್ಟತೀ ತಂಗಿ? ಕೊಡಿಲ್ಲೆ."

ಸುಕ್ಕುಗಟ್ಟಿದ ಎಡ ಅಂಗೈ ಹಗ್ಗದ ಕೆಳಗಿನಿಂದ ಒಳಗೆ ಬಂತು. ಶೈಲಜಾ ಅದರ ಮೇಲೆ ಲಿಂಗವನ್ನಿಟ್ಟಳು. ತನ್ನ ಅಂಗೈಯಲ್ಲಿ ದುಂಡನೆಯ ಕೆಂಪು ಗುರುತೊಂದು ಉಳಿದಿತ್ತು. ಅದನ್ನು ಒಮ್ಮೆ ನೋಡಿ, ಎರಡೂ ಕೈಯಿಂದ ಪಟ್ಟಿ ಹಿಡಿದಳು.

ಮತ್ತೆ ಸೀಟಿ ಊದಿದರು.

"ತಡೀರಿ," ಎಂದಳು ಶೈಲಜಾ, ತಲೆ ಎತ್ತದೆ. "ಕೈ ಕಟ್ಟಾಕತ್ತೇನಿ."